ಹೆಂಗಸರ ಡಾಕ್ಟರು

ಸೂಜಿ ಮತ್ತೆ ತಡೆಯಿತು, ಜೀನ್ಸಿನ ದಪ್ಪ ಮಡಿಕೆ ಸಿಕ್ಕಲ್ಲೆಲ್ಲ ಅಮ್ಮನ ಮಿಷನ್ನು ಹೀಗೇ ಒಮ್ಮೆ ಮುಕ್ಕರಿಸಿ ಮುಂದೆ ಹೋಗುತ್ತದೆ, ಹೇಮಶ್ರೀ ಹೊಲಿಗೆಯ ಶೆಡ್ಡಿನಲ್ಲಿ ಬಟ್ಟೆಯ ಮೂಟೆಗೆ ಒರಗಿ ಫೋನು ನೋಡುತ್ತಾಳೆ — ರೇಡಿಯಾಲಜಿ, ರೋಗಿಯ ಬದಲು ಸ್ಕ್ಯಾನಿನ ಚಿತ್ರ ನೋಡುವ ವಿಭಾಗ, ಮುಂದಿನ ಓದಿನ ಸೀಟಿಗೆ ಮಧ್ಯಾಹ್ನವೇ ಒತ್ತಿಯಾಯಿತು, ಇನ್ನು ಬದಲಿಸುವ ಹಾಗಿಲ್ಲ, ಆದರೂ ನೋಡುತ್ತಾಳೆ, ಗುಡಿಯ ಮುಂದೆ ಕಳೆದ ಚಪ್ಪಲಿಯನ್ನು ಅಲ್ಲೇ ಮತ್ತೆ ಮತ್ತೆ ಹುಡುಕುವವರ ಹಾಗೆ. ಎಂಬಿಬಿಎಸ್ ಆದ ಮೇಲೆ ಯಾವ ವಿಭಾಗ ಎಂದು ತಾನು ತೀರ್ಮಾನಿಸಬಾರದು, ಸಂಶೋಧನಾ ಪತ್ರಿಕೆಗಳು ತೀರ್ಮಾನಿಸಲಿ ಎಂದಿದ್ದಳಲ್ಲ, ಗೆಳತಿಯರ ಮುಂದೆ ಎಂಥ ಗತ್ತು, ನೀವು ಸಂಬಳ ನೋಡಿ ಆರಿಸುತ್ತೀರಿ, ನಾನು ಪುರಾವೆ ನೋಡಿ. ಯಾವ ವಿಭಾಗದ ವೈದ್ಯರಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಯಾರು ಬೇಗ ಬೇಸರಪಡುತ್ತಾರೆ, ಯಾರ ಮೇಲೆ ರೋಗಿಯ ಕಡೆಯವರು ಕೈ ಮಾಡುತ್ತಾರೆ, ಎಲ್ಲ ಓದಿದಳು, ಸ್ತ್ರೀರೋಗ ವಿಭಾಗವನ್ನು ಹೊಗಳುವ ಲೇಖನ ಸಿಕ್ಕರೆ ಇವರು ಕೇಳಿದ್ದು ನಾಲ್ಕು ಜನರನ್ನು ಎಂದು ಮೂಲೆಗೆ ತಳ್ಳಿದಳು, ರೇಡಿಯಾಲಜಿಯನ್ನು ಹೊಗಳಿದರೆ ಅದೇ ನಾಲ್ಕು ಜನ ಸಾಕಾದರು, ಮದುವೆ ಮುಗಿಸಿ ಆಮೇಲೆ ಜಾತಕ ಕೂಡಿಸಿದ ಹಾಗೆ. ನಿಜವಾದ ಕಾರಣ ಯಾವ ಪತ್ರಿಕೆಯಲ್ಲೂ ಇರಲಿಲ್ಲ, ಇದ್ದದ್ದು ಅವಳ ಮೂಗಿನಲ್ಲಿ — ಹೌಸ್ ಸರ್ಜನ್ ಆಗಿ ಸ್ತ್ರೀರೋಗ ವಿಭಾಗದಲ್ಲಿದ್ದಾಗ ಬೆಳುಗುಪ್ಪ ಕಡೆಯ ಪಾಲಮ್ಮ, ಕುರಿ ಮೇಯಿಸುವವಳು, ಪರೀಕ್ಷೆಯ ಮಂಚದ ಮೇಲೆ ಮಲಗಿದ್ದಾಳೆ, ವಾಸನೆ ಬಂತು, ಹೇಮಶ್ರೀ ಮುಖ ತಿರುಗಿಸಿ ತೋಳಿನಿಂದ ಮೂಗು ಮುಚ್ಚಿದಳು, ಕ್ಷಣವೂ ಇಲ್ಲ, ಪಾಲಮ್ಮ ನೋಡಿಬಿಟ್ಟಳು, ತೊಳಕೊಂಡೇ ಬಂದೀನ್ರಿ ಡಾಕ್ಟರಮ್ಮ ಎಂದಳು. ತೊಳಕೊಂಡೇ ಬಂದೀನ್ರಿ. ಒಂದು ಒಳ್ಳೆಯ ಮಾತು ಆಡಬಹುದಿತ್ತು, ಕೈಗವಸು ಕಿತ್ತು ಹೊರಗೆ ಹೋದಳು, ರೇಡಿಯಾಲಜಿಯ ಮೊದಲ ಲೇಖನ ಹುಡುಕಿದ್ದು ಆ ಸಂಜೆಯೇ. ಅಷ್ಟಕ್ಕೇ ಬಿಡಲಿಲ್ಲ, ಮನೆಗೆ ಬಂದಾಗ ಅದನ್ನು ತಮಾಷೆಯ ಕತೆ ಮಾಡಿ ಊಟದ ಮುಂದೆ ಅಮ್ಮನಿಗೆ ಹೇಳಿದಳು, ಮೂಗು ಮುಚ್ಚಿ ಅಭಿನಯಿಸಿಯೂ ತೋರಿಸಿದಳು, ಅಮ್ಮ ನಗಲಿಲ್ಲ, ಪಾಪ ಕಣವ್ವ ಅಂದು ಮುದ್ದೆ ಮುರಿದಳು.

ಈ ಅಮ್ಮ, ನರಸಕ್ಕ, ಗುಡಿಬಂಡೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವಳು, ಮಗಳ ಓದಿಗೆಂದು ರಾಯದುರ್ಗಕ್ಕೆ ಬಂದು ಊರೂರಿನ ಗಂಡಸರ ಪ್ಯಾಂಟು ಹೊಲಿದವಳು, ಮಗಳು ಓದುತ್ತಿದ್ದರೆ ಮಿಷನ್ನನ್ನೂ ಮೆತ್ತಗೆ ತುಳಿದವಳು, ಮತ್ತೆ ಈಗ ತಾನೇ ಗುರುಬಸಮ್ಮ, ಪಕ್ಕದ ಮಿಷನ್ನಿನವಳು, ಟೀ ಕೊಡುವ ನೆಪದಲ್ಲಿ ಬಗ್ಗಿ ಕಿವಿಯಲ್ಲಿ ಹೇಳಿಹೋದಳಲ್ಲ — ಹೇಳಬ್ಯಾಡ ಅಂದಾಳ್ರಿ ನಿಮ್ಮವ್ವ, ಮುಟ್ಟು ನಿಂತು ಎಷ್ಟೋ ವರ್ಷ ಆಗಿತ್ತಲ್ಲ, ದೀಪಾವಳಿಯಿಂದ ಮತ್ತ ಹೋಗಾಕತ್ತೈತ್ರಿ, ದವಾಖಾನಿಗೆ ನಡಿ ಅಂದ್ರ ನನ್ ಮಗಳು ಹೆಂಗಸ್ರ ಡಾಕ್ಟ್ರಾಗಿ ಬರ್ತಾಳ, ಆಕಿಗೇ ತೋರಸ್ತೀನಿ ಅಂತಾಳ, ನಾವೂ ಹಂಗ ಅಂದ್ಕಂಡೀವ್ರಿ, ನಮ್ ಹುಡುಗಿ ಇರಾಗ ಬ್ಯಾರೆಯವರ ಮುಂದ ಯಾಕ ಸೀರಿ ಎತ್ತೂದು ಅಂತ. ಮುಟ್ಟು ನಿಂತವಳಿಗೆ ಮತ್ತೆ ರಕ್ತ, ಹಾಗೆಂದರೇನು ಎಂದು ಮೆಡಿಕಲ್ ಓದುವ ಹುಡುಗರಿಗೂ ಗೊತ್ತು, ಕ್ಯಾನ್ಸರ್ ಇರಬಹುದು, ಒಂದು ವಾರವೂ ಕಾಯಬಾರದು, ದೀಪಾವಳಿಯಿಂದ ಕಾದಿದ್ದಾಳೆ, ಮಗಳ ಓದು ಮುಗಿಯುವವರೆಗೆ ಇನ್ನೂ ಮೂರು ವರ್ಷ ಕಾಯುತ್ತಾಳಂತೆ. ಅದರ ಬಗ್ಗೆಯೂ ಒಂದು ಲೇಖನ ಸಿಕ್ಕಿತ್ತು, ಇಂಥ ಹೆಂಗಸರು ನಾಚಿಕೊಂಡು ತಡಮಾಡುತ್ತಾರೆ ಎಂದು, ಆಯ್ಕೆಗೆ ಉಪಯೋಗವಿಲ್ಲವೆಂದು ಅರ್ಧಕ್ಕೇ ಬಿಟ್ಟಳು, ಇದೇ ಶೆಡ್ಡಿನಲ್ಲಿ, ಅಮ್ಮನಿಗೆ ಬೆನ್ನು ಹಾಕಿ ಕೂತು. ನಾಚಿಕೆ ಯಾರಿಗಾಗಬೇಕಿತ್ತು, ಯಾರಿಗಾಯಿತು.

ಎದ್ದಳು, ಅಮ್ಮಾ ನಾಳೆ ಅನಂತಪುರಕ್ಕೆ ಹೋಗಾಣ, ಅಲ್ಲಿ ಒಬ್ಬರು ಮೇಡಂ ಅವ್ರೆ, ನರಸಕ್ಕ ಗುರುಬಸಮ್ಮನ ಕಡೆ ಒಮ್ಮೆ ನೋಡಿ ಮಿಷನ್ನು ನಿಲ್ಲಿಸಿದಳು, ಹೇಳ್ಬುಟ್ಳಾ, ಬ್ಯಾರೇರತ್ರ ಯಾಕವ್ವ, ನೀನೇ ನೋಡೀವಂತೆ, ಇವತ್ತು ಒತ್ತಿದ್ದು ಹೆಂಗಸ್ರ ಡಾಕ್ಟ್ರ ಓದೇ ತಾನೆ, ಹೂಂ ಅಂದುಬಿಟ್ಟಳು ಹೇಮಶ್ರೀ, ಹೂಂ, ಎಷ್ಟು ಸಲೀಸಾಗಿ ಬಂತು ಸುಳ್ಳು, ನಾಳೆ ಮಾತ್ರ ಬಂದೇ ಬರಬೇಕು ಅಮ್ಮಾ ಎಂದು ಕೈ ಹಿಡಿಯಲು ಹತ್ತಿರ ಹೋದರೆ ಅಮ್ಮ ಹಿಮ್ಮಡಿ ಊರಿ ಕೂತ ಸ್ಟೂಲನ್ನೇ ಒಂದು ಗೇಣು ಹಿಂದಕ್ಕೆ ಸರಿಸಿದಳು, ಅಲ್ಲೇ ನಿಂತ್ಕ ತಾಯಿ, ವಾಸ್ನೆ ಬತ್ತೈತೆ, ನಿಂಗೆ ಆಗಾಕಿಲ್ಲ. ಸ್ಟೂಲು. ಯುಗಾದಿಗೆ ಬಂದಾಗಲೂ ಸರಿದಿತ್ತು, ಊಟಕ್ಕೆ ಕೂತಾಗ ಸರಿದಿತ್ತು, ಪುಸ್ತಕ ಹರಡಿಕೊಳ್ಳಲು ಜಾಗ ಬಿಡುತ್ತಾಳೆ ಎಂದುಕೊಂಡಿದ್ದಳು, ಆ ಮುದ್ದೆ, ಆ ಅಭಿನಯ, ಅಮ್ಮ ಅಂದಿನಿಂದ ತನ್ನನ್ನೇ ಮೂಸಿಕೊಳ್ಳುತ್ತ ಕೂತಿದ್ದಾಳೆ — ಒಂದು ಹೆಜ್ಜೆ ಮುಂದಿಟ್ಟಳು, ಸ್ಟೂಲು ಕಿರ್ರೆಂದು ಒಂದು ಗೇಣು ಹಿಂದೆ, ಇನ್ನೊಂದು ಹೆಜ್ಜೆ, ಇನ್ನೊಂದು ಗೇಣು, ಹಿಂದೆ ಗೋಡೆ ಬಂತು, ಸರಿಯಲು ಜಾಗವಿಲ್ಲ, ಆದರೂ ಅಮ್ಮನ ಹಿಮ್ಮಡಿ ನೆಲವನ್ನು ಒತ್ತುತ್ತಲೇ ಇದೆ, ಒತ್ತುತ್ತಲೇ ಇದೆ