ಎದುರುಮನೆಯ ನೀರು

ನೀಲಾಂಬಿಕಾ ಲೋಟವನ್ನು ನಲ್ಲಿಯ ಕೆಳಗೆ ಹಿಡಿದಿದ್ದಳಷ್ಟೇ, ಹಿಂದಿನಿಂದ ಬಂದ ಜಲಜಾ ಅದನ್ನು ಕೈಯಿಂದ ಕಿತ್ತುಕೊಂಡಳು. ಕೇಳಿ ತೆಗೆದುಕೊಂಡದ್ದಲ್ಲ, ಕಿತ್ತುಕೊಂಡದ್ದೇ. "ಬೇಡಿ ಬೇಡಿ, ನಾನು ಕೊಡ್ತೀನಿ, ನೀವು ಕೂತ್ಕೊಳಿ" ಎನ್ನುತ್ತ ತುಂಬಿದ್ದ ನೀರನ್ನು ಸಿಂಕಿಗೆ ಚೆಲ್ಲಿದಳು. ದೇವರ ಗೂಡಿನ ಪಕ್ಕ ತಟ್ಟೆ ಮುಚ್ಚಿಟ್ಟಿದ್ದ ಪಾತ್ರೆಯಿಂದ ಚೊಂಬಿನಲ್ಲಿ ನೀರು ತೆಗೆದು, ಎತ್ತರದಿಂದಲೇ ಲೋಟಕ್ಕೆ ಬಗ್ಗಿಸಿ, ನಗುತ್ತ ಕೊಟ್ಟಳು. ಆ ನಗು ನೀಲಾಳಿಗೆ ಹೊಸದಾಗಿರಲಿಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿ ಅವಳಿಗೆ ಮೈಥಿಲಿ ಎಂಬ ಗೆಳತಿ ಇದ್ದಳು. ಒಂದು ದಿನ ಶಾಲೆ ಬಿಟ್ಟಮೇಲೆ ಅವಳ ಮನೆಗೆ ಹೋಗಿ ನೀರು ಕೇಳಿದ್ದಕ್ಕೆ, ಮೈಥಿಲಿಯ ಅಜ್ಜಿ ಇವಳನ್ನು ಕಟ್ಟೆಯ ಮೇಲೇ ಕೂರಿಸಿ, ಬೊಗಸೆ ಹಿಡಿಯಲು ಹೇಳಿ, ಮೇಲಿನಿಂದ ನೀರು ಹೊಯ್ದು ಹೀಗೇ ನಕ್ಕಿದ್ದಳು. ನೀಲಾ ಮತ್ತೆಂದೂ ಆ ಓಣಿಗೆ ಕಾಲಿಡಲಿಲ್ಲ. ಅಷ್ಟು ದೂರದ ಮಡಿ ವಿಮಾನ ಹತ್ತಿ ಕ್ಯಾಲಿಫೋರ್ನಿಯಾದ ಈ ಅಡುಗೆಮನೆಗೂ ಬಂದು ಕೂತಿರುತ್ತದೆಂದು ಅವಳು ಎಣಿಸಿರಲಿಲ್ಲ. ಬಾಯಾರಿದ್ದರೂ ಎರಡೇ ಗುಟುಕು ಕುಡಿದು ಲೋಟ ಕೆಳಗಿಟ್ಟಳು.

ಅವಳೂ ಗಂಡ ಸೋಮಲಿಂಗಪ್ಪನೂ ಒಹಾಯೋದಿಂದ ಬಂದು ನಾಲ್ಕನೇ ದಿನವಾಗಿತ್ತು. ಅವನಿಗೆ ಕಂಪ್ಯೂಟರಿನ ಲೋಹದ ಪೆಟ್ಟಿಗೆಗಳನ್ನು ಮಾಡುವ ಕಂಪನಿಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ಅವಳಿಗೆ ಐದು ತಿಂಗಳು. ಮನೆ ಸಿಗುವತನಕ ನಮ್ಮಲ್ಲೇ ಇರಿ ಎಂದು ಕರೆದವನು ಗುರುಪ್ರಸಾದ, ಜಲಜಾಳ ಗಂಡ, ಮೈಸೂರಿನವನು. ಕನ್ನಡ ಕೂಟದವರ ಮೂಲಕ ಫೋನಿನಲ್ಲಿ ಆದ ಪರಿಚಯವಷ್ಟೇ. ಕಂಪ್ಯೂಟರಿನೊಳಗಿನ ಚಿಪ್ಪುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರು. ಅದರ ಬಿಳಿ ಗೋಡೆ ಅವರ ಬೀದಿಯ ಕೊನೆಯಲ್ಲೇ ಕಾಣುತ್ತಿತ್ತು. ಮಾತು ಬೆಣ್ಣೆಯಂಥದ್ದು. ಏರ್‌ಪೋರ್ಟಿಗೆ ತಾನೇ ಬಂದು, ಪೆಟ್ಟಿಗೆಗಳನ್ನು ತಾನೇ ಹೊತ್ತು, ತಮ್ಮ ಮಲಗುವ ಕೋಣೆಯನ್ನೇ ಇವರಿಗೆ ಬಿಟ್ಟುಕೊಟ್ಟಿದ್ದ. ಇಂಥವರ ಮೇಲೆ ಅನುಮಾನಪಡಲು ಮನಸ್ಸು ಬರುವುದಿಲ್ಲ. ನೀಲಾಳಿಗೆ ಬಂತು.

ಅದಕ್ಕೆ ಕಾರಣ ಎದುರುಮನೆ. ರಸ್ತೆಯಾಚೆಗೆ, ಸರಿಯಾಗಿ ಜಲಜಾಳ ಅಡುಗೆಮನೆಯ ಕಿಟಕಿಗೆ ಎದುರಾಗಿ, ಹಳೆಯ ಹಳದಿ ಮನೆಯೊಂದರ ಹಿಂಭಾಗ ಬಾಡಿಗೆಗಿದೆಯೆಂದು ಬೋರ್ಡು ನೆಟ್ಟಿದ್ದರು. ಎರಡು ಕೋಣೆ, ಹಿತ್ತಲಲ್ಲಿ ಹಣ್ಣಾಗಿ ಬಾಗಿದ ಏಪ್ರಿಕಾಟ್ ಮರ. ಸೋಮಲಿಂಗಪ್ಪನ ಆಫೀಸಿಗೆ ಫ್ರೀವೇ ಎಂಬ ಹೆದ್ದಾರಿ ಹತ್ತದೆಯೇ ಹೋಗಬಹುದು, ಅಂಗಡಿಗೆ ನಡೆದೇ ಹೋಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಕಾರು ನಡೆಸಲು ಬಾರದ, ತಾಯಿ ಹತ್ತಿರವಿಲ್ಲದ ಚೊಚ್ಚಲ ಬಸುರಿಗೆ ಎದುರುಮನೆಯಲ್ಲಿ ಕನ್ನಡ ಮಾತಾಡುವ ಹೆಂಗಸೊಬ್ಬಳು. ಒಹಾಯೋದ ಎರಡು ಚಳಿಗಾಲಗಳನ್ನು ಟೀವಿಯೊಡನೆ ಕಳೆದ ನೀಲಾಳಿಗೆ ಇನ್ನೇನೂ ಬೇಕಿರಲಿಲ್ಲ. ಮಗು ಹುಟ್ಟುವ ಹೊತ್ತಿಗೆ ಒಂದು ಕೂಗು ಹಾಕಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇದ್ದರೆ ಸಾಕಿತ್ತು.

ಮೊದಲ ದಿನವೇ ಅವಳು ಬೋರ್ಡು ತೋರಿಸಿದಾಗ ಗುರುಪ್ರಸಾದ ಗಂಟಲು ಸರಿಮಾಡಿಕೊಂಡು, ಅದರ ಓನರು ಮುದುಕಿ, ಮಹಾ ಕಿರಿಕಿರಿ ಎಂದ. ಮಾರನೆಯ ದಿನ ಸೋಮಲಿಂಗಪ್ಪ ಕೇಳಿದ್ದಕ್ಕೆ, ಓನರೇನೋ ಪರವಾಗಿಲ್ಲ, ಆದರೆ ಈ ಬೀದಿಯಲ್ಲಿ ರಾತ್ರಿಯಿಡೀ ಲಾರಿಗಳ ಗಲಾಟೆ ಎಂದ. ಆ ರಾತ್ರಿ ನೀಲಾ ಕಿವಿಗೊಟ್ಟು ಮಲಗಿದಳು. ಒಂದು ಲಾರಿಯೂ ಬರಲಿಲ್ಲ. ಮೂರನೆಯ ದಿನ ಇಲ್ಲಿಯ ಶಾಲೆ ಚೆನ್ನಾಗಿಲ್ಲ ಎಂದ. ಮಗು ಹುಟ್ಟಲಿಕ್ಕೇ ಇನ್ನೂ ನಾಲ್ಕು ತಿಂಗಳಿತ್ತು. ಒಂದೇ ಕಾರಣ ಹೇಳಿ ಅದಕ್ಕೇ ಅಂಟಿಕೊಂಡಿದ್ದರೆ ಅವಳು ನಂಬುತ್ತಿದ್ದಳೋ ಏನೋ.

ಅವನ ಬಾಯಲ್ಲಿ ಬರುತ್ತಿದ್ದುದು ಮಿಲ್ಪಿಟಾಸ್ ಎಂಬ ಊರೊಂದೇ. ತನ್ನ ಡಾಟ್ಸನ್ ಕಾರಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಸಿರಿವಂತರ ಲಾಸ್ ಆಲ್ಟೋಸಿನ ಮರಗಳ ನಡುವೆ ಒಂದು ಸುತ್ತು ಹಾಕಿ, ಇದು ನೋಡೋದಕ್ಕೆ ಮಾತ್ರ ಎಂದು ನಗಿಸಿದ. ಆಮೇಲೆ ಸೀದಾ ಮಿಲ್ಪಿಟಾಸಿಗೆ ತಂದು ನಿಲ್ಲಿಸಿದ. ಒಂದೇ ಅಚ್ಚಿನ ಮನೆಗಳ ಸಾಲು, ಆಚೆ ಫ್ರೀವೇಯ ಮೊರೆತ, ಕೊಲ್ಲಿಯ ಕಡೆಯಿಂದ ಕೆಸರಿನ ವಾಸನೆ. ಅಲ್ಲಿ ವ್ಯಾಸರಾಜ ಎಂಬ ಅವನ ಬ್ರಹ್ಮಚಾರಿ ಸ್ನೇಹಿತನ ಮನೆಯ ಮುಂದೆ ಇವರಿಬ್ಬರನ್ನೂ ಕಾರಿನಲ್ಲೇ ಕೂರಿಸಿ, ಡಿಕ್ಕಿಯಿಂದ ಏನೇನೋ ಇಳಿಸಿಕೊಂಡು ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಭಾರವಾದದ್ದನ್ನು ಹೊತ್ತು ತಂದು ಡಿಕ್ಕಿಗೆ ತುಂಬಿದ. ಕೈಜೋಡಿಸಲು ಇಳಿಯಹೋದ ಸೋಮಲಿಂಗಪ್ಪನನ್ನು ಬೇಡವೇ ಬೇಡ ಎಂದು ತಡೆದ. ಗಿಡಗಳಿಗೆ ಏನೋ ಗೊಬ್ಬರವಂತೆ. ಮನೆಗೆ ಬಂದಮೇಲೆ ನೀಲಾ ಅಂಗಳವನ್ನು ಒಮ್ಮೆ ನೋಡಿದಳು. ಅಲ್ಲಿದ್ದದ್ದು ಒಣಗಿದ ಹುಲ್ಲು ಮಾತ್ರ.

ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಗಂಡನಿಗೆ ಹೇಳಿದಳು. ಅಡುಗೆಮನೆಯಲ್ಲಿ ಜಲಜಾ ತನ್ನನ್ನು ಒಂದು ಪಾತ್ರೆ ಮುಟ್ಟಗೊಡುವುದಿಲ್ಲ, ಅಕ್ಕಿ ತೊಳೆಯುತ್ತೇನೆಂದರೂ ಬಿಡುವುದಿಲ್ಲ, ಬಸುರಿ ಕೂತಿರಿ ಎಂದು ಬೆಣ್ಣೆ ಹಚ್ಚುತ್ತಾಳೆ, ಬೆಳಿಗ್ಗೆ ಲೋಟ ಕಸಿದುಕೊಂಡಳು ಎಂದೆಲ್ಲ ಒಂದೊಂದಾಗಿ ಮುಂದಿಟ್ಟಳು.

"ಹಂಗೇನಿಲ್ಲ ತಗೀ" ಎಂದ ಸೋಮಲಿಂಗಪ್ಪ ಆಕಳಿಸುತ್ತ. "ಬ್ಯಾಡಾಗಿದ್ರ ಮನಿಗೆ ಯಾಕ ಕರೀತಿದ್ರು?"

"ಎಂಟು ದಿನದ ಮಟ್ಟಿಗೆ ಕರಿಯೋದು ಬ್ಯಾರೆ, ಕಡೀತನಕ ಎದುರಿಗೆ ಇಟ್ಕೊಳ್ಳೋದು ಬ್ಯಾರೆ. ಲಿಂಗಾಯತರು ಕಣ್ಮುಂದ ಬಂದು ಕುಂದ್ರೋದು ಅವರಿಗೆ ಬ್ಯಾಡಾಗೈತಿ. ಇಷ್ಟೂ ತಿಳೀವಲ್ದೇನ್ರಿ ನಿಮಗ?"

ಅವನು ದೀಪ ಆರಿಸಿದ. ಶನಿವಾರ ಮಿಲ್ಪಿಟಾಸಿನ ಬಾಡಿಗೆ ಮನೆಯೊಂದಕ್ಕೆ ಸಹಿ ಹಾಕುವುದೆಂದು ಗುರುಪ್ರಸಾದನಿಗೆ ಆಗಲೇ ಮಾತು ಕೊಟ್ಟಾಗಿತ್ತು. ನೀಲಾಳಿಗೆ ಅಳು ಬಂತು, ಅದರ ಹಿಂದೆಯೇ ಹಟವೂ ಬಂತು.

ಶುಕ್ರವಾರ ಗಂಡಸರಿಬ್ಬರೂ ಕೆಲಸಕ್ಕೆ ಹೋದಮೇಲೆ, ಜಲಜಾ ಸ್ನಾನಕ್ಕೆ ಹೋದ ಸಮಯ ನೋಡಿ ಅವಳು ಚಪ್ಪಲಿ ಮೆಟ್ಟಿ ರಸ್ತೆ ದಾಟಿದಳು. ಮಹಾ ಕಿರಿಕಿರಿಯ ಮುದುಕಿ, ಮಿಸೆಸ್ ಕೊರ್ಟೆಸಿ, ಮೆಟ್ಟಿಲ ಮೇಲೆ ಕೂತು ಏಪ್ರಿಕಾಟ್ ಹಣ್ಣುಗಳನ್ನು ಸೀಳಿ ಬೀಜ ತೆಗೆಯುತ್ತಿದ್ದಳು. ನೀಲಾಳ ಹೊಟ್ಟೆ ನೋಡಿದವಳೇ ಎದ್ದು ಕುರ್ಚಿ ತಂದಳು. ಈ ಬೀದಿಯೆಲ್ಲ ಒಂದು ಕಾಲದಲ್ಲಿ ತನ್ನ ಗಂಡನ ತೋಟವಾಗಿತ್ತೆಂದೂ, ಗಂಡ ಹೋದ, ತೋಟ ಹೋಯಿತು, ಈ ಒಂದು ಮರ ಉಳಿಯಿತೆಂದೂ ಹೇಳಿದಳು. ಮಗುವಿನ ಅಳು ಕೇಳಿ ಈ ಮನೆಗೆ ಎಷ್ಟು ವರ್ಷವಾಯಿತೋ ಎಂದಳು. ಮುಂಗಡದ ಮಾತು ಗಂಡ ಬಂದಮೇಲೆ ಆಡಿದರಾಯಿತೆಂದು ಬೀಗದಕೈಯನ್ನೇ ನೀಲಾಳ ಕೈಗಿತ್ತಳು. ಆಮೇಲೆ ಒಳಗೆ ಹೋಗಿ ಗಾಜಿನ ಲೋಟದ ತುಂಬ ನಲ್ಲಿಯ ನೀರು ಹಿಡಿದು ತಂದು, ಇಲ್ಲಿಯ ನೆಲದ ನೀರು, ಕುಡಿ, ಇಂಥ ಸಿಹಿ ಎಲ್ಲೂ ಇಲ್ಲ ಎಂದಳು. ಅವಳ ಒದ್ದೆ ಬೆರಳುಗಳು ನೀಲಾಳ ಬೆರಳಿಗೆ ತಾಗಿದವು. ನೀಲಾ ಒಂದೇ ಗುಟುಕಿಗೆ ತಳಮುಟ್ಟ ಕುಡಿದಳು. ಕೇಳಿ ಇನ್ನೊಂದು ಲೋಟ ಹಾಕಿಸಿಕೊಂಡಳು. ನಾಲ್ಕು ದಿನದ ಉರಿ ಆರಿದಂತಾಯಿತು.

ವಾಪಸು ಬಂದಾಗ ಜಲಜಾ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಕಿಟಕಿಯ ಬಳಿ ನಿಂತಿದ್ದಳು. ನೀಲಾ ಬೀಗದಕೈಯನ್ನು ಊಟದ ಮೇಜಿನ ಮೇಲೆ ಸದ್ದಾಗುವಂತೆಯೇ ಇಟ್ಟಳು.

"ಎದುರುಮನಿ ನಾವು ತಗೊಂಡ್ವಿ, ಜಲಜಾ ಅವರ. ನಿಮ್ಮ ಮಡಿಗೆ ಏನೂ ಅಡ್ಡ ಬರೂದಿಲ್ಲ. ನಡುವೆ ರಸ್ತೆ ಐತಲ್ಲ."

ಜಲಜಾಳಿಗೆ ಆ ಚುಚ್ಚುಮಾತು ಕೇಳಿಸಿದಂತೆಯೇ ಕಾಣಲಿಲ್ಲ. ಅವಳು ನೋಡುತ್ತಿದ್ದದ್ದು ನೀಲಾಳ ಬಾಯಿಯನ್ನು.

"ಅಲ್ಲಿ ನೀರು ಕುಡಿದ್ರಾ?"

"ಕುಡದ್ನಿ. ಎರಡು ಲೋಟ. ಕೈಯಾಗ ಕೊಟ್ಟರು, ಪ್ರೀತೀಲೆ."

ಜಲಜಾ ಕುರ್ಚಿ ಎಳೆದು ಕೂತಳು. ಆಮೇಲೆ ಎದ್ದು ಹೋಗಿ ಗರಾಜಿನ ಬಾಗಿಲು ತೆಗೆದಳು. ಒಳಗೆ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕ್ಯಾನುಗಳು, ಮೇಲೆ ಹಳೆಯ ಬೆಡ್‌ಶೀಟು. ಎಲ್ಲದರಲ್ಲೂ ನೀರು.

"ಮಿಲ್ಪಿಟಾಸಿಂದ ತರ್ತಾರೆ. ವ್ಯಾಸರಾಜನ ಮನೇಲಿ ಹಿಡ್ಕೊಂಡು. ಅಲ್ಲಿಗೆ ಬೆಟ್ಟದ ಕಡೆಯಿಂದ ಬರೋ ನೀರು." ಅವಳ ಧ್ವನಿ ತಗ್ಗಿತು. "ಇವರ ಫ್ಯಾಕ್ಟರೀಲಿ ನೆಲದೊಳಗೆ ಒಂದು ಟ್ಯಾಂಕು ಇದೆ. ಚಿಪ್ಪು ತೊಳೆಯೋ ಕೆಮಿಕಲ್ಲು. ಅದು ಸೋರಿದೆ ರೀ. ಎಷ್ಟು ದಿನದಿಂದಾನೋ ಯಾರಿಗೂ ಗೊತ್ತಿಲ್ಲ. ಈ ಬೀದಿಗೆಲ್ಲ ಅದರ ಪಕ್ಕದ ಬಾವಿ ನೀರೇ ಬರೋದು."

ನೀಲಾಳ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು.

"ನನಗೆ ಎರಡು ಸಲ ಬಸಿರು ಹೋಯ್ತು" ಎಂದಳು ಜಲಜಾ. "ಅದರಿಂದಾನೇ ಅಂತ ಯಾರೂ ಹೇಳಲ್ಲ. ಅಲ್ಲ ಅಂತಾನೂ ಹೇಳಲ್ಲ. ನೀವು ನಲ್ಲಿ ಕೆಳಗೆ ಲೋಟ ಹಿಡಿದಾಗ ನನ್ನ ಜೀವ ಬಾಯಿಗೆ ಬಂತು."

ಒಳ್ಳೆಯ ಮಾತಿನಲ್ಲಿ ಮೊದಲೇ ಹೇಳಬಾರದಿತ್ತೇ ಎಂದು ನೀಲಾ ಕೇಳಿದಳು. ಕೋಪ ಇನ್ನೂ ಇತ್ತು, ಆದರೆ ಅದಕ್ಕೆ ಕೂರಲು ಜಾಗ ಸಿಗದೆ ಒದ್ದಾಡುತ್ತಿತ್ತು. ಜಲಜಾ ಮುಚ್ಚುಮರೆ ಮಾಡಲಿಲ್ಲ. ಮಾತು ಹೊರಗೆ ಹೋದರೆ ಗಂಡನ ಕೆಲಸ ಹೋಗುತ್ತದೆ, ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ, ಗಂಟುಮೂಟೆ ಕಟ್ಟಬೇಕಾಗುತ್ತದೆ. ನೀವೂ ನಾಲ್ಕು ದಿನದ ಪರಿಚಯದವರು, ಹೇಗೆ ನಂಬೋದು ಅಂತ ಇವರಿಗೆ ಅನುಮಾನ ಎಂದಳು. ಅನುಮಾನ ತನ್ನೊಬ್ಬಳ ಸೊತ್ತೆಂದು ತಿಳಿದಿದ್ದ ನೀಲಾಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಾಳಮಡ್ಡಿಯ ಅಜ್ಜಿಯನ್ನು ತಂದು ಈ ಹೆಂಗಸಿನ ಮೈಮೇಲೆ ಕೂರಿಸಿದ್ದಕ್ಕೆ ನಾಚಿಕೆಯಾಯಿತು.

"ಮತ್ತ ಆ ಮುದುಕಿ?" ಎಂದಳು ಕೊನೆಗೆ.

ಜಲಜಾ ಟವೆಲು ಬಿಚ್ಚಿ ಮಡಿಚತೊಡಗಿದಳು. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚಿದಳು. "ನಾನು ಆ ಕಡೆ ನೋಡೋದೇ ಬಿಟ್ಟಿದೀನಿ" ಎಂದಳು. ಆಮೇಲೆ ನೀಲಾಳ ಕೈಹಿಡಿದು, ಯಾರಿಗೂ ಹೇಳುವುದಿಲ್ಲವೆಂದು ಹೊಟ್ಟೆಯ ಮಗುವಿನ ಮೇಲೆ ಆಣೆ ಹಾಕಿಸಿಕೊಂಡಳು. ನೀಲಾ ಹಾಕಿದಳು. ಹಾಕದೆ ಏನು ಮಾಡುತ್ತಾಳೆ, ಆ ಮನೆಯ ಅನ್ನ ತಿಂದಿದ್ದಳು.

ಅದೇ ಮಧ್ಯಾಹ್ನ ಬೀಗದಕೈ ಹಿಂತಿರುಗಿಸಲು ಹೋದಳು. ಮಿಸೆಸ್ ಕೊರ್ಟೆಸಿ ಹಿಂಭಾಗದ ಕೋಣೆಯ ಕಿಟಕಿಗಳನ್ನೆಲ್ಲ ತೆರೆದು, ಪರದೆ ಒಗೆದು ಹರವಿ, ಆಗಷ್ಟೇ ಬಂದು ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ನೀರಿನ ಜಗ್ಗು, ಎರಡು ಲೋಟ. ನೀಲಾ ಬೀಗದಕೈ ಚಾಚಿ, ಮನೆ ಬೇಡವಾಯಿತು, ಗಂಡನ ಆಫೀಸಿಗೆ ದೂರವಾಗುತ್ತದೆ ಎಂದಳು. ಹತ್ತಿರ ಎಂದು ಬೆಳಿಗ್ಗೆ ನೀನೇ ಹೇಳಿದೆಯಲ್ಲ ಎಂದಳು ಮುದುಕಿ. ಕೋಣೆಗಳು ಸಣ್ಣವು ಎಂದಳು ನೀಲಾ. ಮುದುಕಿ ಒಗೆದು ಹರವಿದ ಪರದೆಗಳ ಕಡೆ ನೋಡಿದಳು. ಲಾರಿಗಳ ಗಲಾಟೆ ಎಂದಾಗ ನೀಲಾಳಿಗೆ ತನ್ನ ಬಾಯಿಂದ ಗುರುಪ್ರಸಾದನ ದನಿಯೇ ಹೊರಡುತ್ತಿರುವುದು ಕೇಳಿಸಿತು.

ಮುದುಕಿ ಒಂದು ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ನೀಲಾ ಕೈ ಹಿಂದೆಗೆದು ಬಾಯಾರಿಕೆಯಿಲ್ಲ ಎಂದಳು. ಬಿಸಿಲಿಗೆ ಅವಳ ತುಟಿ ಒಣಗಿದ್ದು ಇಬ್ಬರಿಗೂ ಕಾಣುತ್ತಿತ್ತು. ಮುದುಕಿಯ ಕಣ್ಣಿಗೆ, ಬೆಳಿಗ್ಗೆ ಎರಡು ಲೋಟ ಕುಡಿದವಳು ಜಲಜಾಳ ಮನೆಗೆ ಹೋಗಿ ಬಂದಮೇಲೆ ತನ್ನ ಮನೆಯ ನೀರನ್ನೂ ಮುಟ್ಟುತ್ತಿಲ್ಲ. ಅವರು ನನ್ನ ಬಗ್ಗೆ ಏನು ಹೇಳಿದರು ಎಂದು ಮಿಸೆಸ್ ಕೊರ್ಟೆಸಿ ಮೆಲ್ಲಗೆ ಕೇಳಿದಳು. ಕಣ್ಣಿನ ಸುತ್ತ ಕೆಂಪೇರಿತ್ತು. ಏನೂ ಇಲ್ಲ ಎಂದು ನೀಲಾ ನಕ್ಕಳು. ನಗುವಾಗ, ಆ ನಗು ಎಂಥದ್ದೆಂದು ಅವಳಿಗೇ ಗೊತ್ತಾಯಿತು.

ಮುದುಕಿ ಬೀಗದಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬೇಡವೆಂದು ಬಿಟ್ಟ ಲೋಟವನ್ನು ಎತ್ತಿ, ತಾನೇ ಕುಡಿಯಲು ತುಟಿಗಿಟ್ಟಳು.

"ಬ್ಯಾಡ್ರಿ!"

ಕನ್ನಡದಲ್ಲೇ ಬಂದುಬಿಟ್ಟಿತು ಮಾತು. ನೀಲಾಳ ಕೈ ಅದಕ್ಕೂ ಮೊದಲೇ ಮುಂದೆ ಹೋಗಿ ಲೋಟವನ್ನು ಕಿತ್ತುಕೊಂಡಿತ್ತು. ಅರ್ಧ ನೀರು ಮುದುಕಿಯ ಮಡಿಲಿಗೆ, ಅರ್ಧ ಮೆಟ್ಟಿಲಿಗೆ ಚೆಲ್ಲಿತು. ರಸ್ತೆಯಾಚೆ ಅಡುಗೆಮನೆಯ ಕಿಟಕಿಯ ಪರದೆ ಅಲುಗಿ ನಿಂತಿತು.

ಮಿಸೆಸ್ ಕೊರ್ಟೆಸಿ ಒದ್ದೆಯಾದ ಏಪ್ರನ್ನನ್ನು ಒರೆಸಿಕೊಳ್ಳಲಿಲ್ಲ. ತಲೆಯೆತ್ತಿ ನೀಲಾಳ ಬಾಯಿಯನ್ನೇ ನೋಡುತ್ತ ಕಾದಳು. ನೀಲಾ ಹೊಟ್ಟೆಗೆ ಕೈ ಆನಿಸಿಕೊಂಡು, ಖಾಲಿ ಲೋಟ ಹಿಡಿದೇ, ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಇಬ್ಬರ ಕಾಲ ಹತ್ತಿರ ಚೆಲ್ಲಿದ ನೀರು ಬಿಸಿಲಿಗೆ ಅಂಚಿನಿಂದ ಆರುತ್ತ ಬಂತು.