ರೊಟ್ಟಿಯ ಸಾಲಿನಲ್ಲಿ ಕೇಳಿದ ದನಿ

ಅಂದು ಉಮ್ಮ್ ಯಾಮನ್ ರೊಟ್ಟಿಯಿಲ್ಲದೆ ಮನೆಗೆ ಬಂದಳು.

ಬರ್ಲಿನ್‌ನ ಆ ಬೀದಿಯಲ್ಲಿ ಸಿರಿಯಾದವರ ರೊಟ್ಟಿ ಅಂಗಡಿ ಒಂದೇ. ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ, “ಬಿಸೀದು ಕೊಡಪ್ಪಾ, ಇದು ಆರಿಹೋಗಿದೆ” ಅಂದರು. ಅವಳಿಗೆ ಆ ದನಿ ಗೊತ್ತಿತ್ತು. ದಮಾಸ್ಕಸ್‌ನ ಜೈಲಿನಲ್ಲಿ ನಲವತ್ತು ದಿನ ಅವಳ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಈ ದನಿ ದಿನವೂ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿತ್ತು. ಒಂದು ದಿನ ಪಕ್ಕದ ಕೋಣೆಯಲ್ಲಿ ಅವಳ ಹತ್ತೊಂಬತ್ತರ ಮಗನ ಹೆಸರು ಕೂಗಿತು. ಅವನು ಮರಳಲಿಲ್ಲ. ತಾಯಿಯನ್ನು ಕರೆಯುವ ಹೆಸರಿನಲ್ಲಷ್ಟೇ ಉಳಿದ: ಉಮ್ಮ್ ಯಾಮನ್, ಯಾಮನ್‌ನ ಅಮ್ಮ.

ಅವಳು ತಿರುಗಿ ನೋಡಿದಳು. ಅಜ್ಜಿಯ ಕಥೆಗಳಲ್ಲಿ ರಾಕ್ಷಸನಿಗೆ ಕೋರೆಹಲ್ಲು ಇರುತ್ತಿತ್ತು. ಇವನ ಕೈಯಲ್ಲಿ ಒಂದು ಕಟ್ಟು ಪುದೀನ ಇತ್ತು.

ಗಂಡ ಅಬು ಯಾಮನ್ ಅಡುಗೆಮನೆಯಲ್ಲಿ ಅಕ್ಕಿ ತುಂಬಿ ಬೇಯಿಸುವುದಕ್ಕೆ ಎಳೆಸೌತೆಯಂಥ ಕಾಯಿಗಳ ತಿರುಳು ಕೊರೆಯುತ್ತಿದ್ದ. ನಿರಾಶ್ರಿತರ ನೆರವು ಕೇಂದ್ರದಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಮಯಾದಾ ಕಾಫಿಗೆ ಬಂದಿದ್ದಳು. ಉಮ್ಮ್ ಯಾಮನ್ ಎಲ್ಲವನ್ನೂ ಹೇಳಿದಳು.

“ಮುಖಾನೇ ನೋಡಿಲ್ಲ, ದನಿ ಗುರುತು ಸಿಕ್ತಂತೆ! ಸಂತೇಲಿ ಕೂಗೋರೆಲ್ಲ ಒಂದೇ ಥರ ಕೂಗ್ತಾರೆ ಕಣೇ,” ಎಂದ ಗಂಡ. ಆಮೇಲೆ ಅವನ ದನಿ ಇಳಿಯಿತು. “ನಿನ್ನ ತಂಗಿ ಇನ್ನೂ ಅಲ್ಲೇ ಇದಾಳೆ. ನೀನಿಲ್ಲಿ ಬಾಯಿ ಬಿಟ್ರೆ ಅಲ್ಲಿ ಅವಳ ಬಾಗಿಲು ಬಡೀತಾರೆ. ಅಲ್ಲಿ ಆಗಿದ್ದನ್ನ ಇಲ್ಲಿಯವರು ಏನು ಕಿತ್ತು ಹಾಕ್ತಾರೆ?”

“ಇಲ್ಲಿನ ಕೋರ್ಟು ವಿಚಾರಣೆ ಮಾಡಬಹುದು ಅಬು ಯಾಮನ್,” ಎಂದಳು ಮಯಾದಾ. “ಇಂಥ ಚಿತ್ರಹಿಂಸೆ, ಇಂಥ ಕೊಲೆ ಎಲ್ಲೇ ಆಗಲಿ, ಯಾರೇ ಮಾಡಲಿ. ಅಂಥವನಿಗೆ ನಿರಾಶ್ರಿತ ಅನ್ನೋ ರಕ್ಷಣೇನೂ ಇಲ್ಲ.”

“ನಾನು ಮೊದಲೇ ಸುಳ್ಳು ಹೇಳಿಬಿಟ್ಟಿದೀನಿ,” ಎಂದಳು ಉಮ್ಮ್ ಯಾಮನ್. “ಆಶ್ರಯ ಕೇಳೋಕೆ ಹೋದಾಗ, ಜೈಲಿಗೆ ಹಾಕಿದ್ರಾ ಅಂತ ಕೇಳಿದ್ರು. ಇಲ್ಲ ಅಂದೆ.”

“ಅಯ್ಯೋ, ಯಾಕಮ್ಮಾ?” ಎಂದಳು ಮಯಾದಾ.

“ದುಭಾಷಿ ಸಿರಿಯಾದ ಕರಾವಳಿ ಕಡೆಯೋನು. ಜೈಲಿನವರ ಮಾತೂ ಹಾಗೇ ಇತ್ತು.”

ಮಯಾದಾ ಲೋಟ ಕೆಳಗಿಟ್ಟಳು. “ಪಾಪ, ಅವನೂ ನಮ್ಮ ಹಾಗೇ ಓಡಿ ಬಂದೋನು. ಆದ್ರೂ ನಿನಗೆ ಹೆದರಿಕೆ ಆದ್ರೆ, ಬೇರೆಯವರನ್ನ ಕರೀರಿ ಅನ್ನಬಹುದಿತ್ತು.”

“ಹಾಗೆ ಕೇಳಬಹುದಾ? ನಮ್ಮೂರಲ್ಲಿ ಅಧಿಕಾರಿ ಮುಂದೆ ಬೇಡ ಅಂದೋರು ಮನೆಗೆ ವಾಪಸ್ ಬಂದಿದ್ದನ್ನ ನಾನು ನೋಡೇ ಇಲ್ಲ.”

“ಈಗಲೂ ತಿದ್ದಿ ಹೇಳಬಹುದು. ಜೊತೆಗೆ ವಕೀಲರನ್ನ ಕರ್ಕೊಂಡು ಹೋಗೋಣ. ಆದ್ರೆ ಸುಳ್ಳು ಭರವಸೆ ಕೊಡಲ್ಲ. ವರ್ಷಗಳೇ ಹಿಡಿಯುತ್ತೆ. ನಂಬದೇನೂ ಇರಬಹುದು. ನಿನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು, ಅಲ್ಲಿರೋ ನಿನ್ನ ತಂಗಿಯನ್ನ ಮಾತ್ರ ಇಲ್ಲಿನವರಿಂದ ಕಾಯೋಕಾಗಲ್ಲ.”

“ನೋಡಿದ್ಯಾ!” ಎಂದ ಗಂಡ.

ಉಮ್ಮ್ ಯಾಮನ್ ಖಾಲಿ ಚೀಲವನ್ನು ಮಡಚಿದಳು. “ನಾಳೆನೂ ಅವನು ಬರ್ತಾನೆ,” ಎಂದಳು. “ಬಿಸಿ ರೊಟ್ಟಿ ಕೇಳ್ತಾನೆ.”

ಅಬು ಯಾಮನ್ ಕೈಲಿದ್ದ ಕಾಯಿ ಕೆಳಗಿಟ್ಟ. ಎದ್ದು ಕೋಟು ಹಾಕಿಕೊಂಡು, “ನಡಿ, ವಕೀಲರನ್ನ ನೋಡೋಣ,” ಎಂದ.

ಆ ವಾರವೇ ಹೆಣ್ಣು ದುಭಾಷಿಯೊಬ್ಬಳ ಮೂಲಕ ಪೊಲೀಸರ ಮುಂದೆ ಅವಳು ನಾಲ್ಕು ಗಂಟೆ ಮಾತಾಡಿದಳು. ಗಂಡ ಹೊರಗಿನ ಬೆಂಚಿನಲ್ಲಿ ಕಾದ. ಹದಿನಾಲ್ಕು ತಿಂಗಳಾದರೂ ಆ ಮನುಷ್ಯನ ಬಂಧನವಾಗಿಲ್ಲ. ತಂಗಿಯ ಫೋನು ಮೂರು ತಿಂಗಳಿಂದ ಹತ್ತುತ್ತಿಲ್ಲ, ಯಾಕೆಂದು ಹೇಳುವವರಿಲ್ಲ. ಒಂದು ಸಾಕ್ಷಿ ಸಾಲದು ಎಂದರಂತೆ. ಆ ದನಿಯನ್ನು ಕೇಳಿದವರು ಇದೇ ಊರಿನಲ್ಲಿ ಇನ್ನೂ ಇರಬೇಕು, ಬಾಯಿಗೆ ಬೀಗ ಹಾಕಿಕೊಂಡು.

ಓದುತ್ತಿರುವ ಅಕ್ಕ, ಅಣ್ಣ, ಅವರಲ್ಲಿ ನೀವೂ ಒಬ್ಬರಾಗಿದ್ದರೆ ಹತ್ತಿರದ ನೆರವು ಕೇಂದ್ರಕ್ಕೆ ಹೋಗಿ. ದುಭಾಷಿ ಸರಿಬರದಿದ್ದರೆ ಬೇರೆಯವರನ್ನು ಕೇಳಿ. ಅಂದು ಮುಚ್ಚಿಟ್ಟದ್ದನ್ನು ಇಂದು ಹೇಳಿ. ನಿಮ್ಮ ನೆರೆಯಲ್ಲಿ ಅಂಥವರಿದ್ದರೆ ಅವರ ಜೊತೆಗೆ ಹೋಗಿ, ಹೊರಗಿನ ಬೆಂಚಿನಲ್ಲಿ ಕೂತಿರಿ. ಉಮ್ಮ್ ಯಾಮನ್ ಈಗಲೂ ಆ ಅಂಗಡಿಗೇ ಹೋಗುತ್ತಾಳೆ. ಆ ದನಿ ಈಗಲೂ ಅವಳ ಬೆನ್ನ ಹಿಂದೆ ಬಂದು ನಿಲ್ಲುತ್ತದೆ.

ಆ ಸಾಲಿನಲ್ಲಿ ಅವಳೊಬ್ಬಳನ್ನೇ ಬಿಡಬೇಡಿ.