ಬಗ್ಗದೆ ಬಳಿದ ಗೆರೆ

ಮಳೆಗಾಲ ಮುಗಿಯುವುದಕ್ಕೆ ಇನ್ನೂ ಎರಡು ಮೂರು ವಾರ ಇರುವಾಗಲೇ ನಮ್ಮ ಮನೆಯ ಫೋನು ಬಡಿದುಕೊಳ್ಳಲು ಶುರುಮಾಡುತ್ತದೆ. ಬೆಟ್ಟ ಹಸಿರಾಗಿದೆಯಾ, ಮೋಡ ಕೈಗೆ ಸಿಗುತ್ತಾ, ಭಾನುವಾರ ಬರಬಹುದಾ. ಬೆಟ್ಟದ ಬುಡದಲ್ಲಿರುವ ಯಾವ ಊರಿಗೆ ಹೋಗಿ ಕೇಳಿದರೂ ಇದೇ ಪಾಡು. ದಾರಿ ಒಣಗುವವರೆಗೆ ಕಾಯಲು ಹತ್ತುವವರಿಗೆ ತಾಳ್ಮೆ ಇಲ್ಲ, ಹತ್ತಿಸುವವರಿಗೂ ಇಲ್ಲ.

ನಾವು ಹತ್ತಿಸುವವರು. ನಿಮ್ಮ ಕೈಯಲ್ಲಿರುವ ಈ ಕರಪತ್ರ ಮಾಡುವವರು ನನ್ನ ಹತ್ತಿರ ಬಂದಾಗ ಅದರ ಮೇಲೆ ನಗುವ ಸೂರ್ಯನ ಚಿತ್ರ ಬರೆಸಿಕೊಂಡು ಬಂದಿದ್ದರು. ಅದನ್ನು ತೆಗೆದರೆ ಮಾತ್ರ ನಮ್ಮ ಕತೆ ಹೇಳುತ್ತೇನೆ ಎಂದೆ. ತೆಗೆದರು.

ನನ್ನ ಯಜಮಾನರೂ ಮೈದುನನೂ ಜನರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದರು. ಮುಂದಿನ ಕೋಣೆ ನನ್ನದು. ಹತ್ತುವವರು ಹೆಚ್ಚಿನ ಸಾಮಾನನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಗೋಡೆಗೆ ಇಪ್ಪತ್ತು ಮೊಳೆ, ಮೊಳೆಗೊಂದು ನಂಬರು. ಸಂಜೆ ಎಲ್ಲ ಮೊಳೆಗಳೂ ಖಾಲಿಯಾದರೆ ಎಲ್ಲರೂ ಕ್ಷೇಮವಾಗಿ ಇಳಿದರು ಎಂದು ಅರ್ಥ. ಆಮೇಲೆ ನಾನು ಕಸ ಗುಡಿಸಿ ಬಾಗಿಲು ಹಾಕುತ್ತಿದ್ದೆ.

ಮದುವೆಯಾಗಿ ನಾನು ಆ ಮನೆಗೆ ಬಂದಾಗ ಮೈದುನನಿಗೆ ಒಂಬತ್ತು ವರ್ಷ. ತಲೆ ಬಾಚಿ, ಮೂಗು ಒರೆಸಿ ಶಾಲೆಗೆ ಕಳಿಸಿದವಳು ನಾನೇ. ಬಂಡೆಯಿಂದ ಬಂಡೆಗೆ ಹಾರಿಕೊಂಡಿರುತ್ತಿದ್ದ ಅವನನ್ನು ಊರೆಲ್ಲ ಮೇಕೆ ಎಂದು ಕರೆಯುತ್ತಿತ್ತು. ಇಪ್ಪತ್ತಾರು ತುಂಬಿದರೂ ಆ ಹೆಸರು ಬಿಡಲಿಲ್ಲ.

ಬೆಟ್ಟದ ದಾರಿಗೆ ಅರ್ಧದಲ್ಲಿ ಒಂದು ತೊರೆ ಅಡ್ಡ ಬರುತ್ತದೆ. ಹೋಗುವಾಗಲೂ ಬರುವಾಗಲೂ ಅದನ್ನು ದಾಟಲೇಬೇಕು. ದಾಟುವ ಜಾಗದಲ್ಲಿ ಒಂದು ದೊಡ್ಡ ಬಂಡೆ. ಅದರ ಮೇಲೆ ನನ್ನ ಮಾವನವರು ಒಂದು ಬಿಳಿ ಗೆರೆ ಎಳೆದಿದ್ದರು. ನೀರು ಗೆರೆಯ ಕೆಳಗಿದ್ದರೆ ಮೊಣಕಾಲಿಗಿಂತ ಹೆಚ್ಚು ಆಳವಿಲ್ಲ, ದಾಟಬಹುದು. ಗೆರೆ ಮುಳುಗಿದರೆ ಇಳಿಯುವವರೆಗೆ ದಡದಲ್ಲೇ ಕೂತಿರಬೇಕು. ಮಾವ ಹೋದರು, ಗೆರೆ ಉಳಿಯಿತು. ಪ್ರತಿ ಬೇಸಿಗೆಯಲ್ಲಿ ತೊರೆ ಬತ್ತಿದಾಗ ಅದಕ್ಕೆ ಹೊಸದಾಗಿ ಬಣ್ಣ ಬಳಿಯುವುದು ಸೊಸೆಯ ಕೆಲಸ. ಬಗ್ಗಿ ಬಳಿದು ಬಂದರೆ ಎರಡು ದಿನ ಸೊಂಟ ಹಿಡಿದುಕೊಳ್ಳುತ್ತಿತ್ತು. ಆ ಬೇಸಿಗೆಯಲ್ಲಿ ಮಾತ್ರ ನಿಂತುಕೊಂಡೇ ಬಳಿದೆ. ಸೊಂಟ ನೋಯಲಿಲ್ಲ. ಬಚಾವಾದೆ ಎಂದುಕೊಂಡು ಬ್ರಷ್ ತೊಳೆದು ಮನೆಗೆ ಬಂದೆ.

ಮಳೆ ಟೀಚರ್ ಬಂದದ್ದು ಅದಾಗಿ ನಾಲ್ಕು ತಿಂಗಳಿಗೆ, ಒಂದು ಶುಕ್ರವಾರ ಬೆಳಿಗ್ಗೆ. ಅವರು ಊರ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಶಾಲೆಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇದೆ. ದಿನಾ ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆ ಬಾಟಲಿಗೆ ಸುರಿದು, ಕಣ್ಣು ಕಿರಿದು ಮಾಡಿ ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. ಬೆಟ್ಟದ ಹಿಂದಿನ ಊರಿನ ಶಾಲೆಯಲ್ಲೂ ಇಂಥದೇ ಡಬ್ಬ ಇದೆಯಂತೆ. ಇಬ್ಬರು ಟೀಚರುಗಳೂ ಫೋನಿನಲ್ಲಿ ಮಾತಾಡಿಕೊಳ್ಳುತ್ತಾರಂತೆ. ನಮಗೆ ಅದು ನಗುವ ವಿಷಯವಾಗಿತ್ತು.

"ಅಕ್ಕಾ, ನಾಡಿದ್ದು ಬೆಟ್ಟಕ್ಕೆ ಜನ ಕರ್ಕೊಂಡು ಹೋಗ್ತಿದೀರಂತೆ?"

"ಆರು ಜನ ಬರ್ತಿದಾರೆ ಟೀಚರ್. ಈ ಸಲದ ಮೊದಲನೇ ತಂಡ. ನೀವೂ ಬರ್ತೀರಾ?"

"ಬೇಡ ಅಂತ ಹೇಳೋಕೆ ಬಂದೆ. ಬೆಟ್ಟದ ಹಿಂದೆ ದಿನಾ ಮಧ್ಯಾಹ್ನ ಜೋರು ಮಳೆ. ಆ ನೀರೆಲ್ಲ ಬಂದು ಬೀಳೋದು ನಿಮ್ಮ ತೊರೆಗೇ. ಇಲ್ಲಿ ಚೆನ್ನಾಗಿ ಬಿಸಿಲಿದ್ರೂ ಅಲ್ಲಿ ನೀರು ಏರಿಬಿಡತ್ತೆ."

"ಬಾಟ್ಲೀಲಿ ನೀರು ಅಳೆಯೋರು ನಮಗೆ ತೊರೆ ದಾಟೋದು ಹೇಳಿಕೊಡ್ತೀರಾ?" ಎಂದೆ.

ಮೈದುನ ಬಾಗಿಲಲ್ಲಿ ಕೂತು ಶೂಗೆ ಅಂಟಿದ ಕೆಸರು ಕೆರೆಯುತ್ತಿದ್ದ. "ಹೋಗ್ಲಿ ಟೀಚರ್, ಯಾವಾಗ ಹೋಗ್ಬೇಕು, ನೀವೇ ಹೇಳ್ಬಿಡಿ" ಎಂದ. ಅವನದು ತಮಾಷೆ. ಅವರು ತಮಾಷೆಯೆಂದು ತಿಳಿಯಲಿಲ್ಲ.

"ಮಳೆ ನಿಂತ ಮೇಲೆ ಮೂರು ವಾರನಾದ್ರೂ ಕಾಯಿರಿ. ಮಣ್ಣು ಗಟ್ಟಿಯಾಗ್ಬೇಕು, ಬಂಡೆ ಮೇಲಿನ ಪಾಚಿ ಒಣಗ್ಬೇಕು, ತೊರೆ ಇಳೀಬೇಕು. ಅಲ್ಲಿಂದ ಚಳಿಗಾಲ ಮುಗಿಯೋವರೆಗೂ ಬೆಟ್ಟ ಹತ್ತೋಕೆ ಒಳ್ಳೇ ಕಾಲ. ಬೇಸಿಗೆ ಏರಿದ ಮೇಲೆ ಮತ್ತೆ ಬೇಡ. ನೀರು ಸಿಗಲ್ಲ, ಒಣ ಹುಲ್ಲಿಗೆ ಬೆಂಕಿ ಬೀಳತ್ತೆ, ಸಂಜೆ ಹೊತ್ತಿಗೆ ಸಿಡಿಲು."

"ಆ ಮೂರು ವಾರ ಒಲೆ ಮೇಲೆ ನಿಮ್ಮ ಬಾಟ್ಲಿ ಇಡ್ಲಾ?" ಎಂದೆ. ನನ್ನ ನಾಲಿಗೆ ಆಗ ಹಾಗಿತ್ತು.

ಟೀಚರ್ ಮುಖ ಸಣ್ಣದು ಮಾಡಿಕೊಂಡರು. ಆದರೂ ಎದ್ದು ಹೋಗಲಿಲ್ಲ. "ಆ ಬಿಳಿ ಗೆರೆ ಎಷ್ಟು ವರ್ಷದ್ದು ಅಕ್ಕಾ? ಅದರ ಬುಡದಲ್ಲಿ ಎಷ್ಟು ಆಳ ಇದೆ ಅಂತ ಈಚೆಗೆ ಯಾರಾದ್ರೂ ನೋಡಿದೀರಾ?"

"ಮಾವ ಎಳೆದ ಗೆರೆ ಅದು. ಅದಕ್ಕೇನು ಅಳತೆ?"

ಒಳಗಿನಿಂದ ಯಜಮಾನರು, "ಟೀಚರ್ ಹತ್ರ ಯಾಕೆ ವಾದ ಮಾಡ್ತೀಯೇ? ಗೆರೆ ಇದ್ಯಲ್ಲ, ಅವನು ನೋಡ್ಕೊಂಡು ದಾಟ್ತಾನೆ" ಎಂದರು. ಅವರಿಗೆ ಮೊಣಕಾಲು ನೋವು. ಆ ಭಾನುವಾರ ಮೈದುನ ಒಬ್ಬನೇ ಹೋಗುವುದೆಂದು ಆಗಲೇ ನಿಶ್ಚಯವಾಗಿತ್ತು.

ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಟೀಚರಿಗೆ ಕಾಣಲಿ ಎಂದು ನಾನು ಬೇಕೆಂದೇ ಶಾಲೆಯ ಕಡೆಯ ತಂತಿಯ ಮೇಲೆ ಬಟ್ಟೆ ಒಣಹಾಕಿದೆ. ಮುಂದಿನದನ್ನು ಆ ಆರು ಜನ ಹೇಳಿದ ಹಾಗೆ ಹೇಳುತ್ತೇನೆ. ಬೆಳಿಗ್ಗೆ ಅವರು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ತೊರೆ ದಾಟಿದರು. ಮೇಲೆ ಫೋಟೋ ತೆಗೆಯುತ್ತ ಹೊತ್ತು ಹೋದದ್ದು ತಿಳಿಯಲಿಲ್ಲ. ಮೂರು ಗಂಟೆಗೆ ಇಳಿದು ಬಂದಾಗ ಆ ಕಲ್ಲುಗಳೆಲ್ಲ ಮುಳುಗಿದ್ದವು. ಅವರ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಮೈದುನ ಬಂಡೆ ನೋಡಿದ. ನೀರು ಗೆರೆಗಿಂತ ಒಂದು ಗೇಣು ಕೆಳಗಿತ್ತು. "ಗೆರೆ ಕಾಣ್ತಿದೆ, ಭಯ ಇಲ್ಲ" ಎಂದನಂತೆ. ಬಂಡೆಯ ಹತ್ತಿರ ಹೋಗದೆ, ಮೇಲುಗಡೆ ಹಗ್ಗ ಕಟ್ಟಿ, ಒಬ್ಬೊಬ್ಬರನ್ನೇ ಕೈ ಹಿಡಿದು ದಾಟಿಸಿದ. ಆರೂ ಜನ ಈಚೆ ಬಂದರು. ಆಮೇಲೆ ಆಚೆ ಉಳಿದಿದ್ದ ಅವರ ಚೀಲಗಳನ್ನು ತರಲು ಮತ್ತೆ ಹೋದ. ಬರುವಾಗ ಎರಡು ಹೆಗಲಿಗೂ ಚೀಲ. ಹಗ್ಗ ಕೈ ತಪ್ಪಿ, ನೀರು ಅವನನ್ನು ಕೆಳಗೆ ಬಂಡೆಯ ಕಡೆಗೆ ನೂಕಿತು. ಅಲ್ಲಿ ಮೊಣಕಾಲುದ್ದ ನೀರಿರಬೇಕಿತ್ತು. ಹೆಜ್ಜೆ ಇಟ್ಟವನು ಕಾಣಲೇ ಇಲ್ಲ.

ಆ ಆರು ಜನ ಒದ್ದೆಯಾಗಿ, ನಡುಗುತ್ತ ನಮ್ಮ ಕೋಣೆಗೆ ಬಂದರು. ಅಳುತ್ತಲೇ ತಮ್ಮ ತಮ್ಮ ಸಾಮಾನು ತೆಗೆದುಕೊಂಡರು. ಯಜಮಾನರು ಊರಿನವರನ್ನು ಕೂಡಿಸಿಕೊಂಡು ಬೆಟ್ಟದ ಕಡೆ ಓಡಿದ್ದರು. ನಾನು ಗೋಡೆ ನೋಡಿದೆ. ಇಪ್ಪತ್ತು ಮೊಳೆಗಳೂ ಖಾಲಿ. ನಮ್ಮ ಪದ್ಧತಿಯ ಪ್ರಕಾರ ಎಲ್ಲರೂ ಇಳಿದಿದ್ದರು. ಹತ್ತಿಸುವವನಿಗೆ ಆ ಗೋಡೆಯಲ್ಲಿ ಮೊಳೆ ಇರಲಿಲ್ಲ.

ಮಾರನೆಯ ದಿನ ಅವನು ಬಹಳ ಕೆಳಗೆ ಸಿಕ್ಕಿದ. ಚೀಲಗಳು ಹೆಗಲಲ್ಲೇ ಇದ್ದವು.

ಅದಾಗಿ ಎಂಟು ದಿನಕ್ಕೆ ಆ ಆರು ಜನರಲ್ಲಿ ಒಬ್ಬರು ಬೆಟ್ಟದ ಬಗ್ಗೆ ಇಂಟರ್‌ನೆಟ್‌ನಲ್ಲಿ ಬರೆದರು. ಪಕ್ಕದ ಮನೆಯ ಹೊಲಿಗೆಯವಳು ಫೋನು ತಂದು ಓದಿ ಹೇಳಿದಳು. "ಜಾಗ ಸ್ವರ್ಗ. ನಮ್ಮ ಗೈಡ್ ಬಹಳ ಧೈರ್ಯವಂತ, ಅವರನ್ನು ಎಂದೂ ಮರೆಯುವುದಿಲ್ಲ. ಹಸಿರು ನೋಡಬೇಕೆಂದರೆ ಈ ವಾರಗಳಲ್ಲೇ ಹೋಗಿ. ಐದಕ್ಕೆ ಐದು." ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ನನಗೆ ಆ ಒಳ್ಳೆಯ ಮನಸ್ಸು ಬೇಕಿರಲಿಲ್ಲ. ಅದನ್ನು ಓದಿದವರೆಲ್ಲ ನಮಗೇ ಫೋನು ಮಾಡತೊಡಗಿದರು.

ಯಜಮಾನರು ಒಂದು ಫೋನು ಎತ್ತಿದರು. ಎತ್ತಿ, "ಭಾನುವಾರ ಬನ್ನಿ" ಎಂದರು.

"ಯಾರನ್ನ ಕಳಿಸ್ತೀರಿ?" ಎಂದು ಕೇಳಿದೆ.

"ನಾನೇ ಹೋಗ್ತೀನಿ."

"ಅದೇ ತೊರೇಲಾ?"

"ನಲವತ್ತು ವರ್ಷದಿಂದ ಆ ತೊರೆ ಯಾರನ್ನೂ ತಗೊಂಡಿಲ್ಲ. ಅವನ ಹಣೇಲಿ ಬರೆದಿತ್ತು, ಹೋದ. ನಾನಿಲ್ಲಿ ಗೋಡೆ ನೋಡ್ತಾ ಕೂತ್ರೆ ವಾಪಸ್ ಬರ್ತಾನಾ?"

ತಮ್ಮನನ್ನು ಕಳಿಸಿ ತಾನು ಉಳಿದುಬಿಟ್ಟೆನೆಂಬ ಸಂಕಟ ಅವರನ್ನು ಒಳಗೇ ತಿನ್ನುತ್ತಿತ್ತು. ಅದು ನನಗೆ ಗೊತ್ತಿತ್ತು. ಹಣೆಬರಹ ಎಂದುಕೊಂಡರೆ ಸ್ವಲ್ಪ ಉಸಿರಾಡಬಹುದು. ಆದರೆ ಆ ಮನೆಯಲ್ಲಿ ಇನ್ನು ನನಗೆ ಉಳಿದಿದ್ದವರು ಅವರೊಬ್ಬರೇ. ಅವರೂ ಹೋಗಿಬಿಟ್ಟರೆ ಎಂದು ಭಯವಾಯಿತು. ನಾಚಿಕೆ ಬಿಟ್ಟು ಶಾಲೆಗೆ ಹೋದೆ.

ಟೀಚರ್ ಪಾಠ ನಿಲ್ಲಿಸಿ ಹೊರಗೆ ಬಂದರು. ಅಂದು ಹೇಳಿದ್ದೆನಲ್ಲ ಎಂಬ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. "ನಾಲ್ಕು ದಿನದಿಂದ ಹಿಂದಿನೂರಲ್ಲೂ ಮಳೆ ಇಲ್ಲ ಅಕ್ಕಾ. ನಾಳೆ ಶನಿವಾರ, ಬೆಳಿಗ್ಗೆನೇ ಹೋಗಿ ಅಳೆದು ಬರೋಣ. ಅಣ್ಣನ್ನೂ ಕರ್ಕೊಂಡು ಬನ್ನಿ" ಎಂದರು.

ಯಜಮಾನರು ಗೊಣಗುತ್ತಲೇ ಬಂದರು. ತೊರೆ ಇಳಿದಿತ್ತು. ನೀರು ಗೆರೆಯಿಂದ ಎರಡು ಗೇಣು ಕೆಳಗೆ. ಮಾವನ ಲೆಕ್ಕದಲ್ಲಿ ಪಾದ ಮುಳುಗಿದರೆ ಹೆಚ್ಚು. ಯಜಮಾನರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ತುದಿಯನ್ನು ಮರಕ್ಕೆ ಸುತ್ತಿ ನನ್ನ ಕೈಗೆ ಕೊಟ್ಟು, ಬಂಡೆಯ ಪಕ್ಕ ಇಳಿದರು. ತೊಡೆಯವರೆಗೆ ನೀರು ಬಂತು.

ಟೀಚರ್ ಉದ್ದನೆಯ ಅಳತೆ ಕೋಲು ಕೊಟ್ಟರು. ತಳಕ್ಕೆ ಊರಿ ನೋಡಿದರೆ, ಮೊಣಕಾಲಿನ ಮಟ್ಟಕ್ಕಿರಬೇಕಿದ್ದ ಗೆರೆ ಅವರ ಪಕ್ಕೆಲುಬಿನ ಹತ್ತಿರ ಬಂತು.

"ಬಂಡೆ ಅಲ್ಲೇ ಇದೆ ಅಣ್ಣಾ" ಎಂದರು ಟೀಚರ್. "ಅದರ ಬುಡದ ನೆಲ ಹೋಗಿದೆ. ಚಳಿಗಾಲದ ಕೊನೇಲಿ ಅಕಾಲದ ಮಳೆ ಬಂತಲ್ಲ, ಎರಡು ದಿನ. ಆಗಲೇ ಕೊಚ್ಚಿ ಹೋಗಿರ್ಬೇಕು."

"ಆಗಲೇ ಅಂತ ಹೇಗೆ ಹೇಳ್ತೀರಿ?" ಯಜಮಾನರ ಧ್ವನಿ ಬೇರೆಯಾಗಿತ್ತು. "ಅವತ್ತಿನ ನೀರಿಗೇ ಹೋಗಿರಬಹುದು. ಅವನು ಕಾಲಿಟ್ಟ ಹೊತ್ತಿಗೇ ಹೋಗಿರಬಹುದು. ಹಾಗಾದ್ರೆ ಯಾರಿಗೆ ತಾನೇ ಗೊತ್ತಾಗೋಕೆ ಸಾಧ್ಯ ಇತ್ತು? ಹೇಳಿ."

ಟೀಚರಿಗೆ ಅದು ಗೊತ್ತಿರಲಿಲ್ಲ. ಅಲ್ಲಿದ್ದ ಮೂವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಅದು ಹಣೆಬರಹವಾಗಿಯೇ ಉಳಿಯುತ್ತಿತ್ತು, ಮಾರನೆಯ ದಿನ ಯಜಮಾನರು ಜನರನ್ನು ಕರೆದುಕೊಂಡು ಹೊರಡುತ್ತಿದ್ದರು.

"ಬೇಸಿಗೇಲೇ ಹೋಗಿತ್ತು" ಎಂದೆ. "ಈ ಸಲ ನಾನು ನಿಂತ್ಕೊಂಡೇ ಬಣ್ಣ ಬಳಿದೆ."

"ಬಗ್ಗಲಿಲ್ವಾ?"

"ಇಲ್ಲ."

"ಯಾಕೆ ಅಂತ ಅನ್ನಿಸ್ಲಿಲ್ವಾ ನಿಂಗೆ?"

"ಸೊಂಟ ನೋಯ್ಲಿಲ್ಲ ಅಂತ ಖುಷಿಯಾಯ್ತು ರೀ. ಅಷ್ಟೇ."

ಅವರು ನನ್ನನ್ನು ಬೈಯಲಿಲ್ಲ. ಇವತ್ತಿನವರೆಗೂ ಬೈದಿಲ್ಲ. ನೀರಿನಲ್ಲಿ ನಿಂತುಕೊಂಡೇ ಒಂದು ಕಲ್ಲು ಎತ್ತಿಕೊಂಡು, ಅಪ್ಪ ಎಳೆದಿದ್ದ ಗೆರೆಯನ್ನು ಕುಟ್ಟಿ ಕುಟ್ಟಿ ಉದುರಿಸಿದರು. ನಾನು ಬಳಿದ ಬಣ್ಣ ಗಟ್ಟಿಯಾಗಿತ್ತು, ಬಹಳ ಹೊತ್ತು ಹಿಡಿಯಿತು. ಮನೆಗೆ ಬಂದು ತಾವೇ ಫೋನು ಮಾಡಿ, "ಮಳೆ ನಿಂತು ಮೂರು ವಾರ ಆದ್ಮೇಲೆ ಬನ್ನಿ" ಎಂದರು. ಆ ಕಡೆಯವರು ಬೇರೆ ಊರಿನ ಬೆಟ್ಟ ನೋಡಿಕೊಳ್ಳುತ್ತೇವೆ ಎಂದರು. ನೋಡಿಕೊಳ್ಳಿ ಎಂದರು ಯಜಮಾನರು.

ಈಗ ನಮ್ಮ ಗೋಡೆಗೆ ಇಪ್ಪತ್ತೊಂದನೆಯ ಮೊಳೆ ಇದೆ. ಯಜಮಾನರು ಹತ್ತುವ ಮೊದಲು ಮನೆಯ ಬೀಗದ ಕೈ ಅದಕ್ಕೆ ಹಾಕಿ ಹೋಗುತ್ತಾರೆ. ಹಿಂದಿನ ಸಂಜೆ ಬೆಟ್ಟದ ಆಚೆ ಮಳೆ ಬಿದ್ದಿದೆಯಾ ಎಂದು ಬೆಳಿಗ್ಗೆ ಟೀಚರನ್ನು ಕೇಳುವುದು ನನ್ನ ಕೆಲಸ. ಬಿದ್ದಿದ್ದರೆ ಹೊರಡುವುದಿಲ್ಲ. ಹೊರಟರೆ, ತುದಿ ಮುಟ್ಟಲಿ ಬಿಡಲಿ, ಹನ್ನೆರಡು ಗಂಟೆಗೆ ತಿರುಗುತ್ತಾರೆ. ಪ್ರತಿ ಮಳೆಯಾದ ಮೇಲೆ ಬಂಡೆಯ ಬುಡಕ್ಕೆ ಕೋಲು ಊರಿ ನೋಡುತ್ತಾರೆ. ಇಷ್ಟೆಲ್ಲ ಮಾಡುವುದು ಕಷ್ಟವೇನಲ್ಲ. ಮೈದುನ ಇದ್ದಾಗಲೂ ಕಷ್ಟವಿರಲಿಲ್ಲ.

ಇದನ್ನು ಓದುತ್ತಿರುವವರೇ, ನೀವು ಬೆಟ್ಟ ಹತ್ತುವವರಾದರೆ ಮಳೆ ನಿಂತು ದಾರಿ ಒಣಗುವವರೆಗೆ ಕಾಯಿರಿ. ಹಸಿರು ಸ್ವಲ್ಪ ಮಾಸಿರುತ್ತದೆ. ಮಾಸಲಿ. ನೀರು ಏರಿದ್ದರೆ ಚೀಲ ಬಿಟ್ಟು ಬನ್ನಿ, ಅದನ್ನು ತರಲು ಯಾರನ್ನೂ ಕಳಿಸಬೇಡಿ. ಹೋಗಿ ಬಂದ ಮೇಲೆ ಬರೆಯುವುದಾದರೆ ಸರಿಯಾದ ತಿಂಗಳನ್ನು ಬರೆಯಿರಿ. ಮಳೆಗಾಲದಲ್ಲಿ ನಮ್ಮ ಮನೆಗೆ ಫೋನು ಮಾಡಿದರೆ ಎತ್ತುವವಳು ನಾನು, ಬೈಸಿಕೊಳ್ಳುತ್ತೀರಿ.

ನೀವು ನಮ್ಮ ಹಾಗೆ ಹತ್ತಿಸುವವರಾದರೆ, ಹಿರಿಯರು ಹಾಕಿಟ್ಟ ಗುರುತನ್ನು ವರ್ಷಕ್ಕೊಮ್ಮೆ ಅಳೆದು ನೋಡಿ. ಮನೆಯಲ್ಲಿ ಯಾರಾದರೂ ಈ ಸಲ ಕೆಲಸ ಸಲೀಸಾಯಿತು ಎಂದರೆ, ಯಾಕೆ ಸಲೀಸಾಯಿತು ಎಂದು ಕೇಳಿ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.